‘ಸೂಕ್ತ’ ಎಂದರೆ ಎಷ್ಟು?

ಪ್ರಿಯರೇ,

ಕಾರ್ಕಳದಿಂದ ನೀವು ಕಳಿಸಿದ ‘ಹಳೆ ಗಾರ್ಡನ್ ಟ್ರ್ಯಾಕ್ಟರಿಗೆ ಹಿಂದಿನ ಹಿಚ್’ (ಹಿಚ್ ಎಂದರೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಲೇಖನ ಓದಿದೆವು. ಈಗಿರುವ ಹಾಗೆ ಹಾಕಲು ಆಗದು. ವಿಷಯವೇನೋ ಒಳ್ಳೆಯದೇ, ಅಡಿಕೆ ತೋಟದೊಳಗೆ ಸೊಪ್ಪು, ಗೊಬ್ಬರ ಎಳೆಯಲು ಪುಟ್ಟ ಟ್ರೈಲರ್ ಬೇಕೆನ್ನುವವರು ನಮ್ಮ ಕಡೆ ಬಹಳ ಜನ. ಆದರೆ ನಾಲ್ಕು ಪುಟದಲ್ಲಿ ಒಂದೂವರೆ ಪುಟ ಕರಾವಳಿಯ ಹಸಿರಿಗೇ ಹೋಗಿದೆ. ಅದನ್ನು ತೆಗೆಯಿರಿ. ಓದುವವರು ಆ ಹಸಿರಿನ ನಡುವೆಯೇ ಸ್ಪ್ಯಾನರ್ ಹಿಡಿದು ಕೂತಿರುತ್ತಾರೆ, ಮಾರಾಯರೇ.

ದೊಡ್ಡ ತೊಂದರೆ ‘ಸೂಕ್ತ’ ಎಂಬ ಪದ. ಸೂಕ್ತ ಬೋಲ್ಟ್, ಸೂಕ್ತ ದಪ್ಪದ ಪ್ಲೇಟು, ಸೂಕ್ತ ಎತ್ತರ ಎಂದು ಹನ್ನೊಂದು ಸಲ ಬಂದಿದೆ. ಕೆಲಸ ಕೆಡುವುದೂ ಆ ಹನ್ನೊಂದು ಕಡೆಯಲ್ಲೇ.

ಬೋಲ್ಟನ್ನೇ ನೋಡಿ. ಗಾಡಿ ಅಮೆರಿಕದ್ದು, ಹಿಂದಿನ ಗೇರ್ ಹೌಸಿಂಗಿನ ಥ್ರೆಡ್ ಇರುವ ತೂತು ಅರ್ಧ ಇಂಚಿನದು ಎಂದಿದ್ದೀರಿ. ಮಂಗಳೂರಿನ ಬಂದರಿನ ಬೋಲ್ಟ್ ಅಂಗಡಿಗೆ ಹೋಗಿ ಬರೀ ‘ಅಷ್ಟು ದಪ್ಪದ್ದು ಕೊಡಿ’ ಎಂದರೆ 12 ಎಂಎಂ ಬೋಲ್ಟ್ ಕೊಟ್ಟಾರು. ಅದು ಆ ತೂತಿಗೆ ಒಂದೆರಡು ಸುತ್ತು ಸಲೀಸಾಗಿ ಇಳಿದು ಆಮೇಲೆ ಬಿಗಿಯುತ್ತದೆ, ಅಪಾಯ ಇರುವುದೇ ಅಲ್ಲಿ. ಅರ್ಧ ಇಂಚೆಂದರೆ 12.7 ಎಂಎಂ, ಯುಎನ್‌ಸಿ (ಅಮೆರಿಕದ ಒರಟು ಥ್ರೆಡ್ಡಿನ ಅಳತೆ) ಆದರೆ ಇಂಚಿಗೆ 13 ಥ್ರೆಡ್. 12 ಎಂಎಂ ಬೋಲ್ಟಿನ ಪಿಚ್, ಅಂದರೆ ಥ್ರೆಡ್ಡಿನಿಂದ ಥ್ರೆಡ್ಡಿಗಿರುವ ಅಂತರ, 1.75 ಎಂಎಂ. ಎರಡೂ ಹೊಂದುವುದಿಲ್ಲ. ಥ್ರೆಡ್ಡಿನ ತುದಿಯಷ್ಟೇ ಕಚ್ಚಿಕೊಂಡು, ಕೈಗೆ ಬಿಗಿಯಾದ ಹಾಗೆ ಅನಿಸಿ, ಭಾರ ಬಿದ್ದ ದಿನ ಹೌಸಿಂಗಿನ ಥ್ರೆಡ್ಡನ್ನೂ ಕೆರೆದುಕೊಂಡು ಹೊರಬರುತ್ತದೆ. ತಲೆಯ ಮೇಲೆ ಮೂರು ಗೆರೆ ಇರುವ ಗ್ರೇಡ್ 5 ಯುಎನ್‌ಸಿ ಬೋಲ್ಟ್ ಎಂದೇ ಬರೆಯಿರಿ.

ಉದ್ದದ ಮಾತನ್ನು ನೀವು ಎತ್ತಿಯೇ ಇಲ್ಲ. 10 ಎಂಎಂ ಪ್ಲೇಟು ಸೇರಿಸಿ ಹಳೆ ಬೋಲ್ಟನ್ನೇ ಹಾಕಿದರೆ ಒಳಗೆ ಹಿಡಿಯುವ ಥ್ರೆಡ್ 10 ಎಂಎಂ ಕಡಿಮೆಯಾಯಿತು. ಬೀಡು ಕಬ್ಬಿಣದಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು, ಅಂದರೆ ಸುಮಾರು 19 ಎಂಎಂ ಒಳಗಿರಬೇಕು. ಹಾಗೆಂದು ತೀರಾ ಉದ್ದದ್ದು ಹಾಕಿದರೆ ಬುಡ ಮುಚ್ಚಿದ ತೂತಿನ ತಳಕ್ಕೆ ಒತ್ತಿ ಹೌಸಿಂಗ್ ಬಿರಿದು, ಗೇರ್ ಆಯಿಲ್ ಸೋರುತ್ತದೆ. ಸೈಕಲ್ ಕಡ್ಡಿ ಇಳಿಸಿ ಆಳ ಅಳೆದುಕೊಂಡರೆ ಮುಗಿಯಿತು. ಈ ಒಂದು ಸಾಲು ನಿಮ್ಮ ಒಂದೂವರೆ ಪುಟಕ್ಕಿಂತ ಹೆಚ್ಚು ಬೆಲೆಯದು.

‘ಹೌಸಿಂಗಿಗೇ ವೆಲ್ಡ್ ಮಾಡಿದರೆ ಇನ್ನೂ ಭದ್ರ’ ಎಂಬ ವಾಕ್ಯ ಅಚ್ಚಾಗುವುದೇ ಬೇಡ. ಬೀಡು ಕಬ್ಬಿಣ ಬೇಗ ಆರಿದಾಗ ವೆಲ್ಡಿನ ಪಕ್ಕದಲ್ಲೇ ಸೀಳುತ್ತದೆ. ಪ್ಲೇಟುಗಳನ್ನು ಗಾಡಿಯ ಮೇಲೆ ಕೂರಿಸಿ, ಒಂದಕ್ಕೊಂದು ಬರೀ ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆಯಷ್ಟೇ ವೆಲ್ಡ್), ಬಿಚ್ಚಿ ತಂದು ಬೆಂಚಿನ ಮೇಲೆ ಪೂರ್ತಿ ವೆಲ್ಡ್ ಮಾಡಬೇಕು. ಟ್ಯಾಕ್ ಮಾಡುವಾಗ ಬ್ಯಾಟರಿ ವೈರು ಕಳಚಿ, ಅರ್ತ್ ಕ್ಲಿಪ್ಪನ್ನು ಆ ಪ್ಲೇಟಿಗೇ ಹಾಕಬೇಕು. ಚಕ್ರದ ಕಡೆ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅಲ್ಲಿ ಗುಳಿ ಬೀಳುತ್ತದೆ.

ಟ್ರೈಲರ್ ಸಿಕ್ಕಿಸುವ ಪಿನ್ನಿನ ತೂತನ್ನು ಗ್ಯಾಸಿನಲ್ಲಿ ಕತ್ತರಿಸಬಾರದು, ಡ್ರಿಲ್ ಮಾಡಬೇಕು. 19 ಎಂಎಂ ಪಿನ್ನಿಗೆ 20 ಎಂಎಂ ತೂತು. ಪ್ಲೇಟಿನ ಅಂಚು ಕೈಗ್ಯಾಸಿನಲ್ಲಿ ಕತ್ತರಿಸಿದ್ದಾದರೆ ತೂತಿನ ನಡುವಿನಿಂದ ಅಂಚಿಗೆ 34 ಎಂಎಂ ಆದರೂ ಬಿಡಬೇಕು.

ಇನ್ನು ಎತ್ತರ. ಇದಕ್ಕೆ ಲೆಕ್ಕವನ್ನೇ ಕೊಡಿ. ಟ್ರೈಲರ್ 200 ಕೆಜಿ ಬಲದಲ್ಲಿ ಜಗ್ಗುತ್ತಿದೆ, ಮುಂದಿನ ಹಿಂದಿನ ಚಕ್ರಗಳ ನಡುವೆ 1.2 ಮೀಟರ್ ಎಂದುಕೊಳ್ಳಿ. ಪಿನ್ನು ನೆಲದಿಂದ 30 ಸೆಂ.ಮೀ. ಇದ್ದರೆ ಮುಂದಿನ ಚಕ್ರದ ಮೇಲಿನ ಭಾರ 50 ಕೆಜಿ ಇಳಿಯುತ್ತದೆ, 50 ಸೆಂ.ಮೀ. ಇದ್ದರೆ 83 ಕೆಜಿ. ಮುರಕಲ್ಲಿನ ಗುಡ್ಡೆ ಏರುವಾಗ ಇದು ಇನ್ನೂ ಹೆಚ್ಚು. ಮೊದಲು ಸ್ಟೀರಿಂಗ್ ಹಗುರವಾಗುತ್ತದೆ, ಆಮೇಲೆ ಮೂತಿಯೇ ಏಳುತ್ತದೆ. ಪಿನ್ನು ಹಿಂದಿನ ಆಕ್ಸಲಿನ ನಡುಗೆರೆಗಿಂತ ಕೆಳಗಿರಲೇಬೇಕು ಎಂಬುದನ್ನು ದಪ್ಪಕ್ಷರದಲ್ಲಿ ಹಾಕೋಣ.

ಪೇಂಟಿನ ಬಗ್ಗೆ ಎರಡೇ ಮಾತು ಸಾಕು. ಪ್ಲೇಟು ಹೌಸಿಂಗಿಗೆ ಕೂರುವ ಮುಖಕ್ಕೆ ದಪ್ಪ ಪೇಂಟು ಬೇಡ, ಅದು ಸವೆದಂತೆ ಬೋಲ್ಟು ಸಡಿಲವಾಗುತ್ತದೆ. ಬಿಗಿದ ಮೇಲೆ ಸುತ್ತಲಿನ ಸಂದಿಗೆ ಬಳಿಯಿರಿ, ಇಲ್ಲದಿದ್ದರೆ ಒಂದು ಮಳೆಗಾಲಕ್ಕೇ ತುಕ್ಕು. ಒಂದು ಗಂಟೆ ಕೆಲಸವಾದ ಮೇಲೆ ಮತ್ತೊಮ್ಮೆ ಬಿಗಿದು ನೋಡಬೇಕು ಎಂಬುದೂ ಇರಲಿ.

ಎರಡು ಪುಟಕ್ಕೆ ಇಳಿಸಿ, ಪ್ಲೇಟಿನ ಅಳತೆಯ ಕೈಚಿತ್ರದೊಂದಿಗೆ ಮತ್ತೆ ಕಳಿಸಿ. ಹಿಚ್ಚಿನ ಫೋಟೊ ಪಕ್ಕದಿಂದ ತೆಗೆದದ್ದು ಬೇಕು, ಪಕ್ಕದಲ್ಲಿ ಅಳತೆ ಟೇಪು ಹಿಡಿದು. ಸೀಟಿನ ಮೇಲೆ ಕೂತು ನಗುತ್ತಿರುವ ನಿಮ್ಮ ಫೋಟೊ ಚೆನ್ನಾಗಿಯೇ ಇದೆ, ಆದರೆ ಅದರಲ್ಲಿ ಹಿಚ್ ಕಾಣುವುದಿಲ್ಲ.

ಇಂತಿ,
ಸಂಪಾದಕರು