ವಿರಾಜಪೇಟೆಯಿಂದ ಮಕ್ಕಳು, ಅತ್ತೆ ಜೊತೆ ವಂಡರ್‌ಲಾಗೆ: ರಶ್ ಇರುವ ದಿನವೂ ಚೆನ್ನಾಗಿ ಕಳೆಯೋದು ಹೇಗೆ?

ನೀವು ಕೇಳಿದ್ದು ಇಷ್ಟು. ಡಿಸೆಂಬರ್ ರಜೆಯಲ್ಲಿ ವಿರಾಜಪೇಟೆಯಿಂದ ಬೆಂಗಳೂರು ಹತ್ತಿರದ ಬಿಡದಿಯಲ್ಲಿರುವ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಬೇಕು. 13 ವರ್ಷದ ಮಗ, 7 ವರ್ಷದ ಮಗಳು, ಮಂಡಿನೋವಿರುವ ಅತ್ತೆ, ನೀವಿಬ್ಬರು. ಬೆಳಗಿನ ಜಾವ ಹೊರಟು ರಾತ್ರಿ ಮನೆಗೆ ವಾಪಸ್ ಬರಬಹುದಾ? ಅಷ್ಟು ಜನರ ನಡುವೆ ಯಾರಿಗೂ ಬೇಜಾರಾಗದ ಹಾಗೆ ದಿನ ಕಳೆಯೋದು ಹೇಗೆ?

ನಾನು ಸೋಮವಾರಪೇಟೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು. ಶಾಲೆಯ ಪ್ರವಾಸದಲ್ಲಿ ಬಸ್ ತುಂಬ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿರುತ್ತೇನೆ. ಮನೆಯವರ ಜೊತೆಗೂ ಹೋಗಿದ್ದೇನೆ.

ಮೊದಲು ವಾಪಸ್ ಬರುವ ವಿಷಯ. ದಯವಿಟ್ಟು ಒಂದೇ ದಿನದಲ್ಲಿ ಹೋಗಿ ಬರಬೇಡಿ. ನಿಮ್ಮೂರಿಂದ ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರಿಗೇ 100 ಕಿ.ಮೀ. ಮೇಲಾಗುತ್ತದೆ. ಅಲ್ಲಿಂದ ಬಿಡದಿಗೆ ಇನ್ನೂ ಸುಮಾರು 110. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿದ ಮಗು ಗೇಟಿನ ಹತ್ತಿರ ಬರುವಾಗಲೇ ಸುಸ್ತಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸುಮ್‌ಸುಮ್ನೆ ಅಳೋಕೆ ಶುರು ಮಾಡುತ್ತದೆ. ಜೊತೆಗೆ ತಿತಿಮತಿ, ಆನೆಚೌಕೂರು ಕಾಡಿನ ರಸ್ತೆ. ಕತ್ತಲಲ್ಲಿ ಅಲ್ಲಿ ಆನೆ ಅಡ್ಡ ಬರುವುದು ನಿಮಗೂ ಗೊತ್ತಿರುವುದೇ. ದಿನವಿಡೀ ನೀರಲ್ಲಿ ಆಡಿ ದಣಿದವರು ಆ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸುವುದು ಬೇಡ. ಹಿಂದಿನ ದಿನ ಸಂಜೆಯೇ ಮೈಸೂರಿಗೆ ಬಂದು ಮಲಗಿ, ಪಾರ್ಕ್ ಮುಗಿಸಿದ ರಾತ್ರಿಯೂ ಅಲ್ಲೇ ಉಳಿಯಿರಿ. ನೆಂಟರ ಮನೆ ಇದ್ದರೆ ಇನ್ನೂ ಒಳ್ಳೆಯದು, ಅತ್ತೆಗೂ ಆರಾಮ.

ಎರಡನೆಯದು, ನನಗೆ ಇದೇ ಮುಖ್ಯ ಅನಿಸುವುದು. ಅಲ್ಲಿ 60ಕ್ಕೂ ಹೆಚ್ಚು ರೈಡ್ ಇವೆ. ಎಲ್ಲವನ್ನೂ ಮುಗಿಸುತ್ತೇವೆ ಅಂತ ಹೊರಟರೆ ದಿನವೆಲ್ಲ ಓಡಾಟವೇ ಆಗುತ್ತದೆ. ಅದರ ಬದಲು ಮನೆಯಲ್ಲಿ ಕೂತು ಒಬ್ಬೊಬ್ಬರನ್ನೂ ಕೇಳಿ: 'ಯಾವುದು ತಪ್ಪಿದರೆ ನಿನಗೆ ನಿಜವಾಗಿ ಬೇಜಾರಾಗುತ್ತದೆ?' ಮಗ ರಿಕಾಯಿಲ್ ಅನ್ನಬಹುದು. ಮುಂದಕ್ಕೆ ಹೋಗಿ, ಪಲ್ಟಿ ಹೊಡೆದು, ಮತ್ತೆ ಅದೇ ಹಳಿಯಲ್ಲಿ ಹಿಂದಕ್ಕೆ ಬರುವ ರೋಲರ್ ಕೋಸ್ಟರ್ ಅದು. ಮಗಳಿಗೆ ಅಲೆ ಬರುವ ಕೊಳ ಇಷ್ಟವಾಗಬಹುದು. ಅತ್ತೆಗೆ ಎತ್ತರದಿಂದ ಊರು ನೋಡುವ ದೊಡ್ಡ ಜಯಂಟ್ ವೀಲ್ ಸಾಕಾಗಬಹುದು, ಅಥವಾ ನೆರಳಲ್ಲಿ ಕೂತು ಮೊಮ್ಮಕ್ಕಳನ್ನು ನೋಡುವುದೇ ಸಾಕಾಗಬಹುದು. ನೀವೂ ಒಂದು ಹೇಳಿ, ಅಮ್ಮಂದಿರು ಬ್ಯಾಗ್ ಕಾಯುತ್ತಾ ನಿಲ್ಲುವುದನ್ನು ತುಂಬಾ ನೋಡಿದ್ದೇನೆ. ಈ ನಾಲ್ಕೈದು ಆಸೆಗಳು ಮೊದಲು ಈಡೇರಲಿ. ಉಳಿದದ್ದು ಸಿಕ್ಕಷ್ಟು.

ಆದರೆ ಆಸೆ ಕೇಳುವ ಮುಂಚೆ ಎತ್ತರ ಅಳೆಯಿರಿ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಜೋರು ರೈಡ್‌ಗಳಿಗೆ 140 ಸೆಂ.ಮೀ. ಇರಲೇಬೇಕು. ಒಮ್ಮೆ ನಮ್ಮ ಶಾಲೆಯ ಐದನೇ ಕ್ಲಾಸಿನ ಹುಡುಗನೊಬ್ಬ ಸ್ನೇಹಿತರ ಜೊತೆ ಉದ್ದದ ಕ್ಯೂನಲ್ಲಿ ನಿಂತಿದ್ದ. ಅಂತೂ ಅವನ ಸರದಿ ಬಂತು. ಅಳತೆಯ ಹಲಗೆಗೆ ಬೆನ್ನು ತಾಗಿಸಿ, ಗದ್ದ ಮೇಲೆತ್ತಿ, ಉಸಿರು ಬಿಗಿಹಿಡಿದು ನಿಂತ. ಎರಡು ಬೆರಳಿನಷ್ಟು ಕಡಿಮೆ ಬಿತ್ತು. ಅಲ್ಲಿಯ ಹುಡುಗ ಪ್ರೀತಿಯಿಂದಲೇ ಪಕ್ಕದ ದಾರಿ ತೋರಿಸಿದ. ಇವನು ತಲೆ ತಗ್ಗಿಸಿ ಮೆಟ್ಟಿಲಿಳಿದು ಬಂದವನು ಊಟದ ತನಕ ಮಾತಾಡಲಿಲ್ಲ. ನಿಯಮ ಸರಿಯೇ. ಸೀಟಿನ ಹಿಡಿಕೆ ಭುಜಕ್ಕೆ ಸರಿಯಾಗಿ ಕೂರದಿದ್ದರೆ ಅಪಾಯ. ಆದರೆ ಆ ವಿಷಯ ಮಗುವಿಗೆ ಮನೆಯಲ್ಲೇ ಗೊತ್ತಾಗಬೇಕು. ಬರಿಗಾಲಲ್ಲಿ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗುರುತು ಹಾಕಿ. ಮಗಳಿಗೆ ಯಾವುದು ಸಿಗುವುದಿಲ್ಲ ಅಂತ ಮುಂಚೆಯೇ ಹೇಳಿ, ಅವಳಿಗೆ ಸಿಗುವುದನ್ನು ದೊಡ್ಡದು ಮಾಡಿ ಹೇಳಿ.

ಯಾವ ದಿನ ಅಂದರೆ, ಡಿಸೆಂಬರ್ 24ರಿಂದ ಹೊಸ ವರ್ಷದ ತನಕ ಬಿಟ್ಟುಬಿಡಿ. ಆಗ ಎಲ್ಲ ಊರಿನವರೂ ಅಲ್ಲೇ ಇರುತ್ತಾರೆ. ಉಳಿದಂತೆ ಶನಿವಾರ, ಭಾನುವಾರ ಬೆಂಗಳೂರಿನವರ ಗುಂಪು. ವಾರದ ದಿನಗಳಲ್ಲಿ ನಮ್ಮಂಥ ಶಾಲೆಗಳ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಆದರೂ ನಾನು ವಾರದ ದಿನವನ್ನೇ ಹೇಳುತ್ತೇನೆ. ಟಿಕೆಟ್ ದರ ಕಡಿಮೆ. ಇನ್ನೊಂದು ಕಾರಣವೂ ಇದೆ. ದೂರದಿಂದ ಬಂದ ಶಾಲೆಗಳು ಬೇಗ ಹೊರಡಲೇಬೇಕು. ನಾಲ್ಕು ಗಂಟೆ ಹತ್ತಿರ ಬಂತು ಅಂದರೆ ನಾವು ಮೇಷ್ಟ್ರುಗಳು ಸೀಟಿ ಊದುತ್ತಾ ಮಕ್ಕಳನ್ನು ನೀರಿಂದ ಮೇಲಕ್ಕೆ ಕರೆಯುತ್ತೇವೆ. ಬಟ್ಟೆ ಬದಲಿಸಿ, ತಲೆ ಎಣಿಸಿ, ಬಸ್ ಹತ್ತಿಸಲು ಒಂದು ಗಂಟೆ ಬೇಕು. ಆ ಹೊತ್ತಿಗೆ ಪಾರ್ಕ್ ಒಂದೇ ಸಲ ಸಡಿಲವಾಗುತ್ತದೆ. ರಾತ್ರಿ ಮೈಸೂರಲ್ಲೇ ಉಳಿಯುವ ನಿಮಗೆ ಆ ಕೊನೆಯ ಹೊತ್ತು ಪೂರ್ತಿ ಸಿಗುತ್ತದೆ.

ಮನೆಯಲ್ಲಿ ಕಾಫಿ ಕುಯ್ಲಿನ ಕೆಲಸ ಇದ್ದರೆ ಅದನ್ನೂ ನೋಡಿಕೊಂಡು ದಿನ ಹಾಕಿ. ಕೆಲಸದವರು, ಕಣದ ಚಿಂತೆ ತಲೆಯಲ್ಲಿಟ್ಟುಕೊಂಡು ಬಂದ ಯಜಮಾನರು ದಿನವೆಲ್ಲ ಫೋನಿನಲ್ಲೇ ಇರುತ್ತಾರೆ.

ಬೆಳಿಗ್ಗೆ ಗೇಟ್ ತೆರೆಯುವ ಅರ್ಧ ಗಂಟೆ ಮುಂಚೆ ಅಲ್ಲಿರಿ. ಸಮಯ ದಿನಕ್ಕೊಂದು ಥರ ಇರುತ್ತದೆ, ಆನ್‌ಲೈನಲ್ಲಿ ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಟಿಕೆಟ್ ಮೊದಲೇ ಮಾಡಿದ್ದರೆ ಕೌಂಟರಿನ ಕ್ಯೂ ತಪ್ಪುತ್ತದೆ. ಅತ್ತೆಗೆ ಹಿರಿಯರ ರಿಯಾಯಿತಿ ಟಿಕೆಟ್ ಇದೆ, ಆಧಾರ್ ಕಾರ್ಡ್ ಮರೆಯಬೇಡಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಹಾಗಾಗಿ ತಿಂಡಿ ಬಿಡದಿಯಲ್ಲೇ ಆಗಲಿ. ಅಲ್ಲಿಯ ತಟ್ಟೆ ಇಡ್ಲಿ ಮೃದು, ಹೊಟ್ಟೆಗೂ ಭಾರವಲ್ಲ. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಬಿಡದಿ ಊರೊಳಗೆ ಹೋಗುವುದಿಲ್ಲ, ಬೈಪಾಸಿನಲ್ಲಿ ದಾಟಿಬಿಡುತ್ತದೆ. ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು ಅಂತ ಹಿಂದಿನ ರಾತ್ರಿಯೇ ಮ್ಯಾಪ್ ನೋಡಿಡಿ.

ಒಳಗೆ ಹೋದ ಕೂಡಲೇ ಎಲ್ಲರೂ ಗೇಟಿನ ಹತ್ತಿರದ ರೈಡ್‌ಗೇ ನಿಲ್ಲುತ್ತಾರೆ. ನೀವು ಹಾಗೆ ಮಾಡಬೇಡಿ. ಮಗ ಮತ್ತು ಅಪ್ಪ ನೇರವಾಗಿ ಅವನ ಆಸೆಯ ರೈಡ್‌ಗೆ ಹೋಗಲಿ. ನೀವು ಮಗಳನ್ನು ಕರೆದುಕೊಂಡು ಚಿಕ್ಕ ಮಕ್ಕಳ ರೈಡ್ ಕಡೆ ಹೋಗಿ. ಐದೂ ಜನ ಅಂಟಿಕೊಂಡೇ ಇರಬೇಕು ಅಂದರೆ ಒಬ್ಬರಿಗಾಗಿ ನಾಲ್ವರು ಕಾಯಬೇಕಾಗುತ್ತದೆ. ಅತ್ತೆ ಕೂರುವ ನೆರಳಿನ ಜಾಗವನ್ನೇ ಎಲ್ಲರೂ ಸೇರುವ ಜಾಗ ಅಂತ ಗೊತ್ತು ಮಾಡಿ. ಸೇರುವ ಸಮಯವನ್ನೂ ಹೇಳಿಡಿ. ನೀರಿಗಿಳಿದ ಮೇಲೆ ಫೋನ್ ಲಾಕರಿನಲ್ಲಿರುತ್ತದೆ, ಆಗ ಹುಡುಕುವುದು ಕಷ್ಟ.

ಕ್ಯೂ ಬಗ್ಗೆ ಒಂದು ಮಾತು. ಉದ್ದ ನೋಡಿ ಹೆದರಬೇಡಿ, ಗಿಡ್ಡ ನೋಡಿ ಮೋಸ ಹೋಗಬೇಡಿ. ಒಂದು ನಿಮಿಷ ನಿಂತು ಗಮನಿಸಿ. ಒಂದು ಸಲಕ್ಕೆ 20 ಜನ ಕೂರುವ ರೈಡ್, ಇಳಿಸಿ ಹತ್ತಿಸಿ ಮತ್ತೆ ಹೊರಡಲು 4 ನಿಮಿಷ ಅಂದುಕೊಳ್ಳಿ. ನಿಮ್ಮ ಮುಂದೆ 100 ಜನ ಇದ್ದರೂ 20 ನಿಮಿಷದಲ್ಲಿ ನಿಮ್ಮ ಸರದಿ. ಅದೇ ನೀರಿನ ಜಾರುಬಂಡೆಯಲ್ಲಿ ಒಬ್ಬರು ಕೆಳಗಿನ ಕೊಳದಿಂದ ಎದ್ದ ಮೇಲೆಯೇ ಇನ್ನೊಬ್ಬರನ್ನು ಬಿಡುತ್ತಾರೆ. ಅರ್ಧ ನಿಮಿಷಕ್ಕೊಬ್ಬರು ಅಂದರೆ, ಮೆಟ್ಟಿಲ ಮೇಲೆ 60 ಜನ ಇದ್ದರೆ ಅರ್ಧ ಗಂಟೆ, ಅದೂ ಒದ್ದೆ ಮೈಯಲ್ಲಿ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಅವರೇ ಕೂಡಿ ಕಳೆದು ಹೇಳುತ್ತಾರೆ, ಕಾಯುವ ಹೊತ್ತೂ ಬೇಗ ಹೋಗುತ್ತದೆ.

ಫಾಸ್ಟ್ ಟ್ರ್ಯಾಕ್ ಟಿಕೆಟ್, ಅಂದರೆ ಉದ್ದದ ಕ್ಯೂ ತಪ್ಪಿಸುವ ಟಿಕೆಟ್, ಎಲ್ಲರಿಗೂ ಬೇಡ. ದುಡ್ಡು ಜಾಸ್ತಿ. ವಾರಾಂತ್ಯಕ್ಕೇ ಹೋಗಬೇಕಾಗಿ ಬಂದರೆ ಮಗ, ಅಪ್ಪ ಇಬ್ಬರಿಗೆ ಮಾತ್ರ ತೆಗೆದುಕೊಳ್ಳಿ. ಅಲೆಯ ಕೊಳಕ್ಕೆ ಒಬ್ಬೊಬ್ಬರ ಸರದಿ ಅಂತ ಇಲ್ಲ. ಮಗಳಿಗೆ, ಅತ್ತೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಊಟ ಹನ್ನೆರಡಕ್ಕೇ ಮುಗಿಸಿ. ಒಂದು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಹಸಿವಾಗುತ್ತದೆ. ಹೊಟ್ಟೆ ತುಂಬ ಬೇಡ, ಊಟ ಆದ ಮೇಲೆ ತಿರುಗುವ ರೈಡ್ ಅಂತೂ ಬೇಡವೇ ಬೇಡ. ಆಮೇಲೆ ನೀರು. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಕಡ್ಡಾಯ, ಹತ್ತಿ ಬಟ್ಟೆಗೆ ಬಿಡುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆ ಬಿಟ್ಟುಕೊಂಡು ನೀರು ಶುದ್ಧ ಮಾಡುವ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಒಳಗೂ ಅಂಗಡಿ ಇದೆ, ಆದರೆ ಗೋಣಿಕೊಪ್ಪದಲ್ಲೋ ಮೈಸೂರಲ್ಲೋ ಮೊದಲೇ ತೆಗೆದುಕೊಂಡರೆ ಅಗ್ಗ. ಪ್ರತಿಯೊಬ್ಬರ ಒಣ ಬಟ್ಟೆ, ಟವೆಲ್ ಬೇರೆ ಬೇರೆ ಕವರಿನಲ್ಲಿ ಕಟ್ಟಿ. ಲಾಕರ್ ಮುಂದೆ ನಿಂತು ಒಂದೇ ಬ್ಯಾಗಿನೊಳಗೆ ಐದು ಜನರ ಬಟ್ಟೆ ಹುಡುಕುವುದು ತುಂಬಾ ಹೊತ್ತು ತಿನ್ನುತ್ತದೆ.

ನೀರಲ್ಲಿ ಮಗಳ ತುಟಿ ನೋಡುತ್ತಿರಿ. ಚಳಿ ಆಗ್ತಿದೆಯಾ ಅಂದರೆ ಇಲ್ಲ ಅಂತಲೇ ಹೇಳುತ್ತಾಳೆ. ತುಟಿ ನೀಲಿಯಾಗಿ ಹಲ್ಲು ಕಟಕಟ ಅಂದರೆ ಆಟ ಸಾಕು, ಒರೆಸಿ ಬಿಸಿ ಹಾಲು ಕೊಡಿಸಿ. ನೀರಿನ ರೈಡ್‌ಗಳ ಸಮಯ ಬೇರೆ ಇರುತ್ತದೆ, ಒಳಗೆ ಹೋಗುವಾಗಲೇ ಕೇಳಿಕೊಳ್ಳಿ. ಒಮ್ಮೆ ಬಟ್ಟೆ ಬದಲಿಸಿದ ಮೇಲೆ ಮತ್ತೆ ನೀರಿಗೆ ಹೋಗಬೇಡಿ. ಶಾಲೆಗಳು ಹೊರಟ ಮೇಲಿನ ಹೊತ್ತನ್ನು ಒಣ ರೈಡ್‌ಗಳಿಗೆ ಇಟ್ಟುಕೊಳ್ಳಿ. ಮಗ ಬೆಳಿಗ್ಗೆ ಹತ್ತಿದ್ದನ್ನೇ ಮತ್ತೊಮ್ಮೆ ಹತ್ತಲಿ. ಎರಡನೇ ಸಲ ಹೆದರಿಕೆ ಕಡಿಮೆ, ಖುಷಿ ಜಾಸ್ತಿ. ಜಯಂಟ್ ವೀಲ್‌ಗೆ ಅತ್ತೆಯನ್ನೂ ಆಗಲೇ ಕರೆದುಕೊಂಡು ಹೋಗಿ, ಬಿಸಿಲೂ ಇಳಿದಿರುತ್ತದೆ. ಅವರಿಗೆ ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ರೈಡ್ ಮುಂದಿನ ಬೋರ್ಡನ್ನೂ ಓದಿ, ಯಾರು ಹತ್ತಬಾರದು ಅಂತ ಅಲ್ಲಿ ಬರೆದಿರುತ್ತಾರೆ.

ಮಗ ಇನ್ನೂ ಚಿಕ್ಕವನಾಗಿದ್ದರೆ ನಾನು ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್‌ಗೇ ಹೋಗಿ ಅನ್ನುತ್ತಿದ್ದೆ. ಚಿಕ್ಕದು, ನಮಗೆ ಹತ್ತಿರ, ಅತ್ತೆಗೆ ನಡೆಯುವುದೂ ಕಡಿಮೆ. ಆದರೆ 13 ವರ್ಷದವನಿಗೆ ಈಗ ದೊಡ್ಡ ರೈಡ್ ಬೇಕಾದ ವಯಸ್ಸು, ಬಿಡದಿಯೇ ಸರಿ. ಸಂಜೆ ಹೊರಟು ಮೈಸೂರಲ್ಲಿ ಊಟ ಮಾಡಿ ಮಲಗಿ. ಮಾರನೇ ದಿನ ತಿಂಡಿ ತಿಂದು, ಬೆಳಕಲ್ಲಿ ಹುಣಸೂರು ದಾಟಿದರೆ ಮಧ್ಯಾಹ್ನದ ಊಟಕ್ಕೆ ವಿರಾಜಪೇಟೆಯಲ್ಲಿರುತ್ತೀರಿ.