ಓದುಗರ ಪ್ರಶ್ನೆ, ನಮ್ಮ ಉತ್ತರ: ಚೀನಾದ ನೆಲ, ನೀರು, ಮನೆ

ಚೀನಾದ ಬೇರೆ ಬೇರೆ ಪ್ರಾಂತ್ಯಗಳ ಬದುಕಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಈಶಾನ್ಯದ ಹಾರ್ಬಿನ್‌ನಲ್ಲಿ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುತ್ತದೆ. ಶಾಂಘೈಯಲ್ಲಿ ಅಷ್ಟಿಲ್ಲ. ಆದರೂ ಚಳಿಗಾಲದಲ್ಲಿ ಹೆಚ್ಚು ನಡುಗುವವರು ಶಾಂಘೈಯವರೇ ಅಂತೆ, ಹೌದೇ?

ಮನೆಯೊಳಗಿನ ಮಟ್ಟಿಗೆ ಹೌದು. ಛಿನ್‌ಲಿಂಗ್ ಪರ್ವತಸಾಲಿನಿಂದ ಹುವಾಯ್ ನದಿಯವರೆಗೆ ಒಂದು ಗೆರೆ ಎಳೆದುಕೊಳ್ಳಿ. ಉತ್ತರಕ್ಕೆ ಗೋಧಿ, ದಕ್ಷಿಣಕ್ಕೆ ಭತ್ತ. ಜನವರಿಯ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿ ಮುಟ್ಟುವುದೂ ಹೆಚ್ಚುಕಡಿಮೆ ಇದೇ ಗೆರೆಯಲ್ಲಿ. 1950ರ ದಶಕದಲ್ಲಿ ಸರಕಾರ ನಗರಗಳ ಮನೆಗಳಿಗೆ ಕೊಳವೆಯ ಮೂಲಕ ಬಿಸಿ ಹರಿಸುವ ವ್ಯವಸ್ಥೆ ಮಾಡಿದಾಗ ಗೆರೆಯ ಉತ್ತರಕ್ಕಷ್ಟೇ ಕೊಟ್ಟಿತು. ಬೀಜಿಂಗ್‌ನಲ್ಲಿ ಸಾಮಾನ್ಯವಾಗಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಕೋಣೆಗಳು ಬೆಚ್ಚಗಿರುತ್ತವೆ. ಶಾಂಘೈ ಗೆರೆಯ ದಕ್ಷಿಣಕ್ಕಿದೆ. ಅಲ್ಲಿ ಗೋಡೆಗಳೂ ತೆಳು, ಚಳಿಯೂ ತೇವದ್ದು.

ಉತ್ತರದ ಹಳ್ಳಿಗಳಿಗೆ ಈ ಕೊಳವೆಗಳು ಹೋಗಲಿಲ್ಲ. ಅಲ್ಲಿ ಆಸರೆ ಕಾಂಗ್, ಅಂದರೆ ಹಸಿಇಟ್ಟಿಗೆಯ ಬಿಸಿ ಜಗಲಿ. ಗೋಡೆಯ ಆಚೆ ಅಡುಗೆಯ ಒಲೆ, ಈಚೆ ಮಲಗುವ ಜಗಲಿ, ಜಗಲಿಯ ಹೊಟ್ಟೆಯಲ್ಲಿ ಹೊಗೆ ಹಾಯುವ ಸಾಲುಗಳು, ಕೊನೆಯಲ್ಲಿ ಚಿಮಣಿ. ಜೋಳದ ದಂಟು ಉರಿಸಿ ಅಡುಗೆ ಮಾಡಿದರೆ ಅದೇ ಹೊಗೆ ಹಾಸಿಗೆಯನ್ನು ಕಾಯಿಸಿ ಹೊರಗೆ ಹೋಗುತ್ತದೆ. ಒಲೆಯ ಬಾಯಿ ಹೊಗೆಸಾಲಿಗಿಂತ ಕೆಳಗಿರಲೇಬೇಕು, ಇಲ್ಲದಿದ್ದರೆ ಹೊಗೆ ಅಡುಗೆಮನೆಗೇ ಮರಳುತ್ತದೆ. ಚಿಮಣಿಯ ಬುಡದಲ್ಲಿ ಒಂದು ಗುಂಡಿ ಬಿಡುತ್ತಾರೆ. ಮೇಲಿಂದ ನುಗ್ಗುವ ತಣ್ಣನೆಯ ಗಾಳಿಯನ್ನೂ ಬೂದಿಯನ್ನೂ ಅದು ಹಿಡಿದುಕೊಳ್ಳುತ್ತದೆ. ಒಲೆಯ ಕಡೆ ಮಣ್ಣಿನ ಗಿಲಾವು ದಪ್ಪಗೆ, ಚಿಮಣಿಯ ಕಡೆ ತೆಳ್ಳಗೆ ಹಾಕಿದರೆ ಬಿಸಿ ಸಮನಾಗಿ ಹರಡುತ್ತದೆ. ಆದರೂ ಒಲೆಯ ಕಡೆಯೇ ಹೆಚ್ಚು ಬೆಚ್ಚಗೆ, ಆ ಜಾಗ ಹಿರಿಯರಿಗೆ ಮೀಸಲು.

ಹೊಸ ಕಾಂಗನ್ನು ಸಣ್ಣ ಉರಿಯಲ್ಲಿ ಹಲವು ದಿನ ಒಣಗಿಸಬೇಕು. ಆತುರಪಟ್ಟು ದೊಡ್ಡ ಬೆಂಕಿ ಹಾಕಿದರೆ ಗಿಲಾವು ಸೀಳುತ್ತದೆ. ಆ ಸೀಳಿನಿಂದ ರಾತ್ರಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೋರಿದರೆ ಮಲಗಿದವರಿಗೆ ವಾಸನೆಯೂ ತಿಳಿಯುವುದಿಲ್ಲ. ಬಿಸಿ ಉಳಿಸಿಕೊಳ್ಳುವ ಆಸೆಗೆ ಕೆಂಡ ಆರುವ ಮೊದಲೇ ಚಿಮಣಿ ಮುಚ್ಚುವುದೂ ಅಷ್ಟೇ ಅಪಾಯ.

ಪ್ರಶ್ನೆ: ಸಿಚುವಾನಿನ ದುಜಿಯಾಂಗ್‌ಯಾನ್ ನೀರಾವರಿಗೆ ಅಣೆಕಟ್ಟೇ ಇಲ್ಲವಂತೆ. ಮತ್ತೆ ನೀರು ತಿರುಗುವುದು ಹೇಗೆ? ಇಷ್ಟು ವರ್ಷವಾದರೂ ಹೂಳು ತುಂಬಿ ಮುಚ್ಚಿಹೋಗಿಲ್ಲವೇಕೆ?

ಹೂಳು ತುಂಬುತ್ತಲೇ ಇರುತ್ತದೆ. ಅದನ್ನು ತೆಗೆಯುವ ಕೆಲಸವನ್ನು ಜನ ಕೈಬಿಡಲಿಲ್ಲ, ಅದಕ್ಕೇ ಉಳಿದಿದೆ. ಕ್ರಿ.ಪೂ. 256ರ ಸುಮಾರಿಗೆ, ಛಿನ್ ರಾಜ್ಯದ ಕೈಕೆಳಗಿದ್ದ ಶು ಸೀಮೆಯ ಅಧಿಕಾರಿ ಲಿ ಬಿಂಗ್ ಇದನ್ನು ಮಿನ್ ನದಿಯಲ್ಲಿ ಕಟ್ಟಿಸಿದ.

ನದಿಯ ನಡುವೆ ಉದ್ದಕ್ಕೆ ಒಂದು ದಿಬ್ಬವಿದೆ. ಅದರ ತುದಿಗೆ ಮೀನುಬಾಯಿ ಎಂದೇ ಹೆಸರು. ಅದು ನದಿಯನ್ನು ಒಳಹೊಳೆ, ಹೊರಹೊಳೆ ಎಂದು ಸೀಳುತ್ತದೆ. ಒಳಹೊಳೆ ಕಿರಿದು, ಆದರೆ ಆಳ. ಹೊರಹೊಳೆ ಅಗಲ, ಆದರೆ ತಳ ಮೇಲೆ. ಹಾಗಾಗಿ ನೀರು ಕಡಿಮೆಯಿದ್ದಾಗ ಸುಮಾರು ಶೇ 60 ಭಾಗ ಒಳಹೊಳೆಗೆ ಇಳಿದು ಹೊಲಗಳಿಗೆ ಹೋಗುತ್ತದೆ. ನೆರೆ ಬಂದಾಗ ಲೆಕ್ಕ ತಿರುಗುಮುರುಗಾಗಿ ಶೇ 60 ಭಾಗ ಹೊರಹೊಳೆಯಲ್ಲಿ ಹರಿದುಹೋಗುತ್ತದೆ. ಈಗ ಹೊರಹೊಳೆಗೆ ಗೇಟುಗಳಿವೆ, ಮೂಲದಲ್ಲಿ ಇರಲಿಲ್ಲ. ದಿಬ್ಬವನ್ನು ನದಿ ತಿರುಗುವ ಜಾಗದಲ್ಲೇ ಹಾಕಿದ್ದು ಇನ್ನೊಂದು ಜಾಣ್ಮೆ. ತಿರುವಿನಲ್ಲಿ ಮೇಲಿನ ತಿಳಿನೀರು ಹೊರಬಾಗಿನ ದಂಡೆಗೆ ಒತ್ತುತ್ತದೆ, ತಳದ ಮರಳು ಎದುರು ದಂಡೆಗೆ ಸರಿಯುತ್ತದೆ. ತಿಳಿನೀರಿನ ಕಡೆಗೆ ಒಳಹೊಳೆ, ಮರಳಿನ ಕಡೆಗೆ ಹೊರಹೊಳೆ.

ಒಳಹೊಳೆಯ ನೀರು ಮುಂದೆ ಗುಡ್ಡ ಕಡಿದು ಮಾಡಿದ ಸುಮಾರು 20 ಮೀಟರ್ ಅಗಲದ ಕಂಡಿಯಲ್ಲಿ ನುಸುಳಬೇಕು. ಸಿಡಿಮದ್ದು ಇಲ್ಲದ ಕಾಲ. ಬಂಡೆಯ ಮೇಲೆ ಸೌದೆ ಉರಿಸಿ, ಕಾದ ಕಲ್ಲಿಗೆ ತಣ್ಣೀರು ಸುರಿದು ಬಿರಿಯಿಸಿದರು. ನೆರೆ ಎಷ್ಟೇ ಬರಲಿ, ಕಂಡಿ ತನ್ನ ಅಳತೆಗಿಂತ ಹೆಚ್ಚು ಬಿಡುವುದಿಲ್ಲ. ಮಿಕ್ಕ ನೀರು ಸುಳಿ ಎದ್ದು, ಪಕ್ಕದಲ್ಲಿರುವ ಎರಡು ಮೀಟರ್ ಆಸುಪಾಸು ಎತ್ತರದ ಒಡ್ಡನ್ನು ಹತ್ತಿ, ಮರಳು ಕಲ್ಲುಗಳನ್ನೂ ಎತ್ತಿಕೊಂಡು ಹೊರಹೊಳೆಗೆ ಬೀಳುತ್ತದೆ. ಒಡ್ಡನ್ನು ಎತ್ತರಿಸಿದರೆ ನೀರು ಹೆಚ್ಚು ಸಿಗುತ್ತದೆಂದು ಯಾರಿಗಾದರೂ ಅನ್ನಿಸಬಹುದು. ಎತ್ತರಿಸಿದರೆ ಮರಳು ಹೊರಬೀಳದೆ ಕಂಡಿಯ ಮುಂದೆಯೇ ಕೂರುತ್ತದೆ. ಅದಕ್ಕೇ ಅಲ್ಲಿನ ನಿಯಮ: ಹೂಳನ್ನು ಆಳಕ್ಕೆ ತೆಗೆ, ಒಡ್ಡನ್ನು ತಗ್ಗಿಗೆ ಕಟ್ಟು. ಎಷ್ಟು ಆಳ ಎಂಬ ಜಗಳಕ್ಕೂ ಎಡೆಯಿಲ್ಲ. ಹೊಳೆಯ ತಳದಲ್ಲಿ ಕಬ್ಬಿಣದ ದಿಂಡುಗಳನ್ನು ಹೂತಿದ್ದಾರೆ, ಅವು ಕಾಣುವತನಕ ಅಗೆಯಬೇಕು.

ದುರಸ್ತಿಗೆ ಮೂರು ಕಾಲಿನ ಮರದ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಕಲ್ಲು ಹೇರಿ, ಬಿದಿರುಚಾಪೆ ಮತ್ತು ಜೇಡಿಮಣ್ಣಿನಿಂದ ಒಂದು ಕವಲನ್ನು ತಾತ್ಕಾಲಿಕವಾಗಿ ಮುಚ್ಚುತ್ತಿದ್ದರು. ಏಪ್ರಿಲ್ ಮೊದಲ ವಾರದಲ್ಲಿ, ಹಿರಿಯರ ಸಮಾಧಿಗೆ ಹೋಗುವ ಛಿಂಗ್‌ಮಿಂಗ್ ದಿನದ ಹೊತ್ತಿಗೆ ಅವನ್ನು ಕಿತ್ತು ನೀರು ಬಿಡುವ ಹಬ್ಬ ಈಗಲೂ ನಡೆಯುತ್ತದೆ. ದಂಡೆಗಳಿಗೆ ಕಲ್ಲು ತುಂಬಿದ ಉದ್ದನೆಯ ಬಿದಿರುಬುಟ್ಟಿ ಹಾಕುತ್ತಿದ್ದರು. ನೀರು ಅದರ ನಡುವೆ ಸೋಸಿಹೋಗುವುದರಿಂದ ಒತ್ತಡ ಕಟ್ಟುವುದಿಲ್ಲ. ತಳ ಕೊರೆದುಹೋದರೆ ಬುಟ್ಟಿ ತಾನೇ ಬಾಗಿ ಆ ತಗ್ಗಿಗೆ ಕೂರುತ್ತದೆ. ಬಿದಿರು ಕೊಳೆಯುತ್ತದೆ ನಿಜ, ಬದಲಿಸುತ್ತಲೇ ಇರಬೇಕು. ನಮ್ಮ ಮಟ್ಟಿಗೆ, ಲಿ ಬಿಂಗ್‌ನ ವಿನ್ಯಾಸದಷ್ಟೇ ಗೌರವ ಈ ಪ್ರತಿವರ್ಷದ ದುಡಿಮೆಗೂ ಸಲ್ಲಬೇಕು.

ಪ್ರಶ್ನೆ: ಫುಜಿಯಾನ್ ಪ್ರಾಂತ್ಯದ ದುಂಡನೆಯ ಮಣ್ಣಿನ ಮನೆಗಳು ಮಳೆಗೆ ಕರಗುವುದಿಲ್ಲವೇ?

ತುಲೋ ಎಂಬ ಈ ಮನೆಗಳ ಗೋಡೆ ನೆಲದಿಂದಲೇ ಮಣ್ಣಿನದಲ್ಲ. ಬುಡಕ್ಕೆ ನದಿಗಲ್ಲಿನ ಅಡಿಪಾಯ, ನೆತ್ತಿಗೆ ಬಹಳ ಮುಂದೆ ಚಾಚಿದ ಹೆಂಚಿನ ಸೂರು. ಮಣ್ಣಿಗೆ ಮರಳು, ಸುಣ್ಣ ಬೆರೆಸಿ ಅಚ್ಚಿನೊಳಗೆ ಪದರಪದರವಾಗಿ ಗುದ್ದುತ್ತಾರೆ. ನಡುನಡುವೆ ಬಿದಿರಿನ ಸೀಳು ಮಲಗಿಸುತ್ತಾರೆ. ತೇವ ಹೆಚ್ಚಾದರೆ ಒಣಗುವಾಗ ಗೋಡೆ ಬಿರುಕು ಬಿಡುತ್ತದೆ, ಕಡಿಮೆಯಾದರೆ ಪದರಗಳು ಅಂಟುವುದಿಲ್ಲ. ಕೆಳಗಿನ ಅಂತಸ್ತು ಚೆನ್ನಾಗಿ ಒಣಗಿದ ಮೇಲೆಯೇ ಮುಂದಿನದು. ಹೀಗಾಗಿ ದೊಡ್ಡ ತುಲೋ ಮುಗಿಯಲು ವರ್ಷಗಳೇ ಬೇಕು.

ದಕ್ಷಿಣ ಚೀನಾದ ಒಂದು ಸಮುದಾಯವಾದ ಹಕ್ಕಾ ಜನರ ತುಲೋಗಳಲ್ಲಿ ಒಂದು ಕುಟುಂಬದ ಪಾಲು ಕೆಳಗಿನಿಂದ ಮೇಲಕ್ಕೆ: ನೆಲದಲ್ಲಿ ಅಡುಗೆ, ಅದರ ಮೇಲೆ ಕಣಜ, ಅದಕ್ಕೂ ಮೇಲೆ ಮಲಗುವ ಕೋಣೆ. ಒಲೆಯ ಬಿಸಿ ಕಣಜದ ಧಾನ್ಯವನ್ನು ಒಣಗಿಸಿಡುತ್ತದೆ. ಕೋಣೆಗಳು ಒಂದೇ ಅಳತೆಯವು, ಬಾವಿ ಅಂಗಳ ಎಲ್ಲರವು. ದಾಳಿಕೋರರ ಭಯಕ್ಕೆ ಕೆಳಗೆ ಕಿಟಕಿಯಿಲ್ಲ. 1709ರಲ್ಲಿ ಪೂರ್ತಿಯಾದ ಚೆಂಗ್‌ಛಿ ಲೋ ಒಂದರೊಳಗೊಂದು ನಾಲ್ಕು ಸುತ್ತಿನದು. 2008ರಲ್ಲಿ 46 ಕಟ್ಟಡಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವುಗಳಿಗೆ ದೊಡ್ಡ ಅಪಾಯ ಖಾಲಿತನ: ವಾಸವಿಲ್ಲದ ಮನೆಯಲ್ಲಿ ಜಾರಿದ ಹೆಂಚನ್ನು ಸರಿಪಡಿಸುವವರಿರುವುದಿಲ್ಲ, ನೀರು ಗೋಡೆಯ ನೆತ್ತಿಯಿಂದಲೇ ಇಳಿಯತೊಡಗುತ್ತದೆ.

ಪ್ರಶ್ನೆ: ಶಿನ್‌ಜಿಯಾಂಗ್‌ನ ತುರ್ಪಾನ್‌ನಲ್ಲಿ ಮಳೆಯೇ ಇಲ್ಲ, ದ್ರಾಕ್ಷಿ ಹೇಗೆ ಬೆಳೆಯುತ್ತಾರೆ?

ವರ್ಷಕ್ಕೆ ಸುಮಾರು 16 ಮಿಲಿಮೀಟರ್ ಮಳೆ. ನೀರು ಬರುವುದು ತಿಯೆನ್‌ಶಾನ್‌ನ ಹಿಮ ಕರಗಿ, ಬೆಟ್ಟದ ಬುಡದ ಜಲ್ಲಿನೆಲದಲ್ಲಿ ಇಂಗಿದ್ದರಿಂದ. ಅಲ್ಲಿಂದ ಸುರಂಗಗಾಲುವೆ ಕೊರೆದು ತರುತ್ತಾರೆ, ಇದೇ ಕರೇಜ್. ಸುರಂಗದ ಇಳಿಜಾರು ನೆಲದ ಇಳಿಜಾರಿಗಿಂತ ಕಡಿಮೆ, ಆದ್ದರಿಂದ ಪಂಪಿಲ್ಲದೆ ನೀರು ಊರ ಬಳಿ ಬಯಲಿಗೆ ಬರುತ್ತದೆ. ಉದ್ದಕ್ಕೂ ಬಾವಿಗಳ ಸಾಲು: ಮಣ್ಣು ಎತ್ತಲು, ಗಾಳಿಗೆ, ಮುಂದೆ ದುರಸ್ತಿಗೆ. ಚಳಿಗಾಲದಲ್ಲಿ ಬಾವಿಬಾಯಿ ಮುಚ್ಚದಿದ್ದರೆ ಹೆಪ್ಪುಗಟ್ಟಿದ ಮಣ್ಣು ಕರಗುವಾಗ ಕುಸಿದು ಕಾಲುವೆ ಕಟ್ಟುತ್ತದೆ. ಹೊರಬಂದ ನೀರನ್ನು ಕೊಳದಲ್ಲಿ ನಿಲ್ಲಿಸಿ, ಬಿಸಿಲಿಗೆ ಚಳಿ ಬಿಟ್ಟ ಮೇಲೆ ಬೆಳೆಗೆ ಹಾಯಿಸುತ್ತಾರೆ. ಆಳದ ಕೊಳವೆಬಾವಿಗಳು ಹೆಚ್ಚಿದಂತೆ ಅಂತರ್ಜಲ ಸುರಂಗದ ತಳಕ್ಕಿಂತ ಕೆಳಗಿಳಿದು ಎಷ್ಟೋ ಕರೇಜ್‌ಗಳು ಬತ್ತಿವೆ.

ತುರ್ಪಾನಿನ ಒಣದ್ರಾಕ್ಷಿ ಹಸಿರಾಗಿರುವುದಕ್ಕೆ ಕಾರಣ ಬಿಸಿಲು ತಾಗಿಸದಿರುವುದು. ಜಾಲರಿಯಂತೆ ಇಟ್ಟಿಗೆ ಜೋಡಿಸಿದ ಕೋಣೆಗಳಲ್ಲಿ ಗೊಂಚಲು ತೂಗುಹಾಕಿ, ಬಿಸಿಗಾಳಿಗೆ ನೆರಳಲ್ಲೇ ಒಣಗಿಸುತ್ತಾರೆ.

ಪ್ರಶ್ನೆ: ಚೀನಾಕ್ಕೆಲ್ಲ ಒಂದೇ ಗಡಿಯಾರವಾದರೆ ಪಶ್ಚಿಮದವರ ದಿನಚರಿ ಹೇಗೆ?

ಅಧಿಕೃತವಾಗಿ ಎಲ್ಲೆಡೆ ಬೀಜಿಂಗ್ ಸಮಯ. ಶಿನ್‌ಜಿಯಾಂಗ್‌ನಲ್ಲಿ ಕಚೇರಿಗಳು ತಡವಾಗಿ ತೆರೆಯುತ್ತವೆ, ಸಾಮಾನ್ಯವಾಗಿ ಬೆಳಗ್ಗೆ ಹತ್ತರ ಹೊತ್ತಿಗೆ. ಉಯ್ಘರ್ ಜನರಲ್ಲಿ ಹಲವರು ಎರಡು ಗಂಟೆ ಹಿಂದಿರುವ ಸ್ಥಳೀಯ ಸಮಯ ಬಳಸುತ್ತಾರೆ. ರೈಲು, ವಿಮಾನದ ಟಿಕೆಟ್‌ನಲ್ಲಿರುವುದು ಬೀಜಿಂಗ್ ಸಮಯ. ಯಾರನ್ನಾದರೂ ಭೇಟಿಯಾಗುವುದಿದ್ದರೆ ಯಾವ ಸಮಯ ಎಂದು ಮೊದಲೇ ಕೇಳಿಕೊಳ್ಳಿ.