ದೈವಕ್ಕೆ ಕೈ ಮುಗಿಯುವುದು ಯಾಕೆ?

ಮನಸ್ಸಿನ ತೊಂದರೆಗೆ ಸಲಹೆ ಕೊಡುವ ನನ್ನ ಹತ್ತಿರ ಸುಳ್ಯ ಕಡೆಯ ಅಡಿಕೆ ಬೆಳೆಗಾರರು ನಿದ್ದೆ ಬರುತ್ತಿಲ್ಲ ಅಂತ ಬರುತ್ತಾರೆ. ಕೇಳುತ್ತಾ ಹೋದರೆ ಮಾತು ಹಳದಿ ಎಲೆ ರೋಗಕ್ಕೆ ಬಂದು ನಿಲ್ಲುತ್ತದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ರೋಗ ಅದು. ತಗುಲಿದ ಮರವನ್ನು ಗುಣಪಡಿಸುವ ಮದ್ದಿಲ್ಲ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ.

ಐವತ್ತು ದಾಟಿದವರು. ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಸೊಸೈಟಿ ಸಾಲ. ಸಾಲದಲ್ಲಿ ಒಂದು ಪಾಲು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿ ಮಾಡಿಸಿದ ಪರಿಹಾರಗಳಿಗೇ ಹೋಗಿತ್ತು. "ಅಜ್ಜ ನೆಟ್ಟ ತೋಟ ನನ್ನ ಕಾಲಕ್ಕೆ ಹೋಯ್ತು ಮೇಡಂ. ನನ್ನದೇ ಎಂತದೋ ದೋಷ."

ಪಕ್ಕದವರ ತೋಟ? ಅದೂ ಹಳದಿ. ಅವರಾಚೆಯವರದ್ದು? ಅದೂ. "ಎಲ್ಲರೂ ಒಟ್ಟಿಗೇ ತಪ್ಪು ಮಾಡಿದ್ರಾ?" ಅಂದೆ. ನಕ್ಕರು. ಆಮೇಲೆ ಸಿಟ್ಟು ಬಂತು.

"ಹಾಗಾದ್ರೆ ದೈವಕ್ಕೆ ನಾನು ಕೈ ಮುಗಿಯೂದು ಎಂತಕ್ಕೆ?"

ಇದಕ್ಕೆ ಉತ್ತರ ಕೊಡುವುದು ನನ್ನ ಕೆಲಸ ಅಲ್ಲ. ಚಿಕ್ಕಂದಿನಲ್ಲಿ ಕೋಲಕ್ಕೆ (ದೈವ ಮೈಮೇಲೆ ಬಂದು ನುಡಿಯುವ ಆರಾಧನೆಗೆ) ಯಾಕೆ ಹೋಗ್ತಿದ್ರಿ ಅಂತ ಕೇಳಿದೆ.

"ಅಜ್ಜನ ಪಕ್ಕ ಕೂತಿರ್ತಿದ್ದೆ. ಹೆದರಬೇಡಿ, ನಾನಿದ್ದೇನೆ ಅಂತ ದೈವ ನುಡಿ ಕೊಡ್ತಿತ್ತು. ಅಜ್ಜ ಬೈರಾಸಿನಲ್ಲಿ ಕಣ್ಣೊರೆಸಿಕೊಳ್ತಿದ್ರು." ತುಸು ಹೊತ್ತು ಬಿಟ್ಟು ತಾವೇ ಅಂದರು: "ಮರ ಸಾಯೂದಿಲ್ಲ ಅಂತ ಹೇಳಿದ್ದು ಮಾತ್ರ ನೆನಪಿಲ್ಲ."

ದೀಪ ಇಡಿ, ಕೋಲಕ್ಕೂ ಹೋಗಿ, ಸಾಲ ಮಾಡಿ ಹೊಸ ಪರಿಹಾರ ಮಾತ್ರ ಬೇಡ ಅಂದೆ. ಸಾಯುವ ಯೋಚನೆ ಬಂದಿದೆಯಾ ಅಂತಲೂ ನೇರವಾಗಿ ಕೇಳಿದೆ. ಬಂದಿತ್ತು. (ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು.) ತೋಟಕ್ಕೆ ಹೊಡೆಯುವ ಮದ್ದು ಇಡುವ ಕೊಟ್ಟಿಗೆಯ ಬೀಗದ ಕೈ ಅಂದೇ ಹೆಂಡತಿಯ ಹತ್ತಿರ ಹೋಯಿತು.

ಬದುಕಿನ ಗುರಿ ಏನು ಅಂತ ನಾನು ಇಂಥವರನ್ನು ಕೇಳುವುದಿಲ್ಲ. ಬೇರೆಯವರು ನಿಮಗಾಗಿ ಕಾಯುವಂಥ ಒಂದು ಕೆಲಸ ಏನಿದೆ ಅಂತ ಕೇಳುತ್ತೇನೆ. ಇವರು ಕಸಿ ಕಟ್ಟುವುದರಲ್ಲಿ ಪಳಗಿದವರು. ಅಡಿಕೆ ಹೋದ ಜಾಗಕ್ಕೆ ಕಸಿ ಕಟ್ಟಿದ ಜಾಯಿಕಾಯಿ ಗಿಡ ಹಾಕುವವರು ಊರಲ್ಲೇ ಇದ್ದರು.

ದೈವ, ದೀಪ ಅಂತ ನೀವೇ ಹೇಳ್ತೀರಾ ಅಂತ ಜೊತೆಯವರು ಕೆಲವರು ಆಕ್ಷೇಪಿಸುತ್ತಾರೆ. ಹೇಳ್ತೇನೆ. ಇದ್ದ ಆಸರೆಯನ್ನು ಕಿತ್ತುಕೊಂಡು ನಾಲ್ಕು ಪುಸ್ತಕದ ಮಾತು ಕೊಟ್ಟರೆ, ನಡುರಾತ್ರಿ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಆ ಹೊತ್ತಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಮಗಳ ಮೊಬೈಲಲ್ಲೂ ಹಾಕಿಸಿದೆ.

ಸಾಲ ಹಾಗೇ ಇದೆ. ನಿದ್ದೆ ಸ್ವಲ್ಪ ಬರುತ್ತಿದೆಯಂತೆ. ಕಸಿ ಕಲಿಯಲು ಇಬ್ಬರು ಹುಡುಗರು ಬರುತ್ತಾರೆ. ಹಿಡಿದದ್ದಕ್ಕಿಂತ ಒಣಗಿಸಿದ್ದೇ ಜಾಸ್ತಿ ಅಂತ ಅವರಿಗೆ ದಿನಾ ಬೈಗುಳ.